ಗುರುವಾರದ ಅಕ್ಕೋರು

ಮೊನ್ನೆ ಅಥಣಿಯ ಗ್ರಂಥಿಗೆ ಅಂಗಡಿಯಲ್ಲಿ ಕುಂಕುಮ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಪಕ್ಕದವರು ಅರದಾಳ ಕೇಳಿದರು. ಬಯಲಾಟದವರು ಮುಖಕ್ಕೆ ಬಳಿದುಕೊಳ್ಳುವ ಹಳದಿ ಪುಡಿ ಅದು. ಅಂಗಡಿಯಾತ ಒಂದು ಚಿಟಿಕೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಬಣ್ಣ ತೋರಿಸಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕುಂಕುಮ ಅಲ್ಲೇ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಬಂದು ಕೂತೆ. ಮೂವತ್ತು ವರ್ಷದ ಹಿಂದೆ ಪ್ರತಿ ಗುರುವಾರ ನನ್ನ ತರಗತಿಯಲ್ಲಿ ಈ ವಾಸನೆ ಇರುತ್ತಿತ್ತು. ಎಷ್ಟು ತೊಳೆದರೂ, ವಾರಕ್ಕೊಮ್ಮೆ ಕಲಿಸಲು ಬರುತ್ತಿದ್ದ ಅಕ್ಕೋರ ಕೈಚೀಲದಿಂದ ಅದು ಹೋಗಿರಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ತೆಲಸಂಗದ ಆಚೆಗಿನ ಊರೊಂದರ ಸರಕಾರಿ ಶಾಲೆಯಲ್ಲಿ ನಾನು ಹೊಸ ಮಾಸ್ತರ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸುತ್ತಮುತ್ತಲಿನ ಕಲಾವಿದರನ್ನು ವಾರಕ್ಕೊಂದು ದಿನ ಶಾಲೆಗೆ ಕರೆಸಿ ಮಕ್ಕಳಿಗೆ ಕಲಿಸಲು ಸರಕಾರ ಅನುದಾನ ಕೊಡುತ್ತದೆ ಎಂದು ಸುತ್ತೋಲೆ ಬಂತು. ಹೆಡ್‌ಮಾಸ್ತರರು ಅದನ್ನು ಕಪಾಟಿನಲ್ಲಿ ಹಾಕಿ ಕೈತೊಳೆದುಕೊಳ್ಳುವವರಿದ್ದರು. ಅರ್ಜಿ ನಾನು ಬರೆಯುತ್ತೇನೆ ಅಂದೆ. ಆಗ ಹುರುಪಿಗೇನು ಕಡಿಮೆ ಇರಲಿಲ್ಲ. ಸಣ್ಣಾಟ ಎಂಬ ನಮ್ಮ ಕಡೆಯ ಬಯಲಾಟದಲ್ಲಿ ಹಾಡಿ ಕುಣಿದು ಸುತ್ತ ಹತ್ತು ಹಳ್ಳಿಗೆ ಗೊತ್ತಿದ್ದ ಹೆಣ್ಣುಮಗಳೊಬ್ಬರ ಹೆಸರು ಕೊಟ್ಟೆ. ಅರ್ಜಿ ಪಾಸಾಯಿತು. ಮೊದಲು ಒಂದು ವರ್ಷ. ಇಲಾಖೆಯ ಸಾಹೇಬರು ಬಂದು ನೋಡಿ ಮೆಚ್ಚಿದರೆ ಮುಂದಕ್ಕೂ ಆ ಹೆಣ್ಣುಮಗಳೇ.

ಮೊದಲ ಗುರುವಾರ ಅವರು ಅಥಣಿ ಬಸ್ಸಿನಿಂದ ಇಳಿದದ್ದು ಕಣ್ಣಿಗೆ ಕಟ್ಟಿದಂತಿದೆ. ಇಳಕಲ್ ಸೀರೆ, ತಲೆ ತುಂಬ ಸೆರಗು. ನಲವತ್ತೈದರ ಆಸುಪಾಸು. ಆಟದಲ್ಲಿ ರಾಣಿಯಾಗಿ ಗುಡುಗುತ್ತಿದ್ದ ಹೆಂಗಸು ತರಗತಿಯ ಬಾಗಿಲಲ್ಲಿ ಒಳಗೆ ಬರಲೋ ಬೇಡವೋ ಎಂದು ನಿಂತುಬಿಟ್ಟಿದ್ದರು. ಏನಂತ ಕರೆಯಬೇಕು ಎಂದು ಹುಡುಗರು ಕೇಳಿದವು. "ಅಕ್ಕೋರ ಅನ್ರಿ. ಮತ್ತೇನ ಅಂತೀರಿ?" ಅಂದೆ. ನಮ್ಮ ಕಡೆ ಕಲಿಸುವ ಹೆಣ್ಣುಮಕ್ಕಳಿಗೆ ಅನ್ನುವುದೇ ಹಾಗೆ. ಇಡೀ ತರಗತಿ ಎದ್ದು ನಿಂತು "ನಮಸ್ಕಾರ ಅಕ್ಕೋರ" ಅಂದಿತು.

ಸಂಜೆ ಬಸ್ಸಿಗೆ ಕಾಯುತ್ತ ಅವರು ಹೇಳಿದರು. "ಇಪ್ಪತ್ತೈದ ವರ್ಷ ಆತ್ರಿ ಸರ, ಕುಣ್ಯಾಕತ್ತು. ಹೆಸರ ಹಿಡದ ಕೂಗ್ಯಾರ, ಸೀಟಿ ಹೊಡದಾರ. ಅಕ್ಕೋರ ಅಂತ ಇವತ್ತಿನತನಾ ಯಾರೂ ಅಂದಿದ್ದಿಲ್ರಿ." ಬಸ್ಸಿನ ದಾರಿ ನೋಡುತ್ತ, "ಈ ಶಾಲಿ ಒಂದ ಗಟ್ಟಿ ಆದ್ರ ಆಟ ಬಿಟ್ಟ ಬಿಡ್ತೀನ್ರಿ" ಅಂದರು.

ಕಲಿಸುವ ರೀತಿ ಅವರದೇ. ಪುಸ್ತಕವಿಲ್ಲ, ಬೋರ್ಡಿಲ್ಲ. ತೊಡೆ ತಟ್ಟಿ ತಾಳ ಹೇಳುವರು. ಹಿಂದಿನ ಗೋಡೆ ತೋರಿಸಿ, "ಅಲ್ಲಿ ಒಬ್ಬ ಮುದುಕ ಕುಂತಾನ, ಕಿವಿ ಮಂದ. ಅವಗ ಕೇಳಬೇಕ ನೋಡ" ಅನ್ನುವರು. ನಾನು ತಿಂಗಳುಗಟ್ಟಲೆ ಬೈದರೂ ಬಾಯಿ ಬಿಡದ ಒಬ್ಬ ಹುಡುಗಿ ಇದ್ದಳು, ದ್ರಾಕ್ಷಿ ತೋಟದ ಸಾವಕಾರರ ಮಗಳು. ಅವಳು ನಾಲ್ಕೇ ತಿಂಗಳಲ್ಲಿ ಆ ಗೋಡೆಯ ಮುದುಕನಿಗೆ ಕೇಳುವಂತೆ ಹಾಡತೊಡಗಿದಳು. ನನಗೆ ಹೊಟ್ಟೆಕಿಚ್ಚಾಯಿತು ಅಂತಲೂ ಹೇಳಿಬಿಡುತ್ತೇನೆ.

ಇಲ್ಲಿ ಆಯೇರಿಯ ಮಾತು ಹೇಳಬೇಕು. ಆಟ ನಡೆದಾಗ ಮೆಚ್ಚಿದವರು ಎದ್ದು ಹೋಗಿ ಹಾಡುವವರ ಕೈಗೆ ನೋಟು ಕೊಡುತ್ತಾರೆ. ಅದೇ ಆಯೇರಿ. ಕೊಟ್ಟ ಕೂಡಲೇ ಹಾಡು ನಿಲ್ಲಬೇಕು. ಕೊಟ್ಟವನ ಹೆಸರು, ಊರು ಹೇಳಿ, ಅವನ ಮನೆತನ ಹರಸಿ, ಆಮೇಲೆ ಬಿಟ್ಟಲ್ಲಿಂದ ಹಾಡು. ತೆಗೆದುಕೊಳ್ಳದಿದ್ದರೆ ಊರ ಮುಂದೆ ಅವನ ಮಾನ ಕಳೆದಂತೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಕಾಲೇಜು ಓದುವಾಗ ನಾನೇ ಅವರಿಗೆ ಎರಡು ರೂಪಾಯಿ ಆಯೇರಿ ಮಾಡಿದ್ದೆ. ಐದೂರಿನ ಜನರೆದುರು ಅವರು ನನ್ನ ಹೆಸರು ಹೇಳಿ ಹರಸಿದ್ದರು. ಒಂದು ವಾರ ನೆಲದ ಮೇಲೆ ಕಾಲಿಟ್ಟಿರಲಿಲ್ಲ ನಾನು...

ವರ್ಷದ ಕೊನೆಗೆ ಸಾಹೇಬರು ಜೀಪಿನಲ್ಲಿ ಬಂದರು. ನಮ್ಮ ಕಡೆಯವರಲ್ಲ. ಮಕ್ಕಳು ಆಟದ ಒಂದು ಭಾಗ ಮಾಡಿ ತೋರಿಸಿದವು. ಸಾವಕಾರರ ಮಗಳೇ ರಾಣಿ. ಅಕ್ಕೋರು ಪಕ್ಕದಲ್ಲಿ ನಿಂತು ಜೊತೆಗೆ ಹಾಡುತ್ತಿದ್ದರು. ಹುಡುಗಿಯ ದನಿ ಏರಿದ್ದೇ, ಶಾಲಾ ಸಮಿತಿಯವರ ಸಾಲಿನಲ್ಲಿ ಕೂತಿದ್ದ ಸಾವಕಾರರು ಎದ್ದರು. ಕಣ್ಣೊರೆಸಿಕೊಳ್ಳುತ್ತ ಬಂದು ಐವತ್ತರ ನೋಟು ಚಾಚಿದರು.

"ಅಕ್ಕೋರ, ನಮ್ಮ ಕೂಸಿನ ಬಾಯಿ ಬಿಡಿಸಿದ್ರಿ ನೋಡ್ರಿ," ಅಂದರು.

ಅವರಲ್ಲಿ ಕುಚೋದ್ಯವಿರಲಿಲ್ಲ. ಆಣೆ ಮಾಡಿ ಹೇಳಬಲ್ಲೆ. ಅಕ್ಕೋರಿಗೂ ಅದು ತಪ್ಪು ಅನ್ನಿಸಲಿಲ್ಲ. ಇಪ್ಪತ್ತೈದು ವರ್ಷದ ರೂಢಿ, ಕೈ ತಾನಾಗಿ ಮುಂದೆ ಹೋಯಿತು. ಹಾಡು ನಿಂತಿತು. ಬಲಗೈ ಎತ್ತಿ ಸಾವಕಾರರ ಹೆಸರು, ಊರು ಹೇಳಿ, ಅವರ ಬಳ್ಳಿ ಹಬ್ಬಲಿ ಎಂದು ಹರಸಿದರು. ಹುಡುಗರು ಚಪ್ಪಾಳೆ ಹೊಡೆದವು. ಆ ನೋಟನ್ನು ಹುಡುಗಿಯ ಕೈಗೇ ಇಟ್ಟು, "ಎಲ್ಲಾರಿಗೂ ಪೇಪರಮಿಂಟ್ ತರಸವಾ" ಅಂದು, ಬಿಟ್ಟಲ್ಲಿಂದ ಹಾಡು ಎತ್ತಿಕೊಂಡರು.

ಸಾಹೇಬರು ಎದ್ದು ನಿಂತಿದ್ದರು. "ಏನ್ರೀ ಇದು? ಮಕ್ಕಳ ಮುಂದೆ ದುಡ್ಡು ಎತ್ತೋದಾ? ಇದು ಶಾಲೆನಾ, ತಮಾಷಾನಾ?"

ಒಂದೇ ಒಂದು ಮಾತು ಸಾಕಿತ್ತು. ಇದು ಆಯೇರಿ ಸಾಹೇಬರೇ, ನಮ್ಮ ಕಡೆಯ ಮರ್ಯಾದೆ, ಅಂತ. ಅಲ್ಲಿದ್ದ ಮಾಸ್ತರರಲ್ಲಿ ಅದನ್ನು ಬಿಡಿಸಿ ಹೇಳಬಲ್ಲವನು ನಾನೊಬ್ಬನೇ. ಹೆಡ್‌ಮಾಸ್ತರರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ.

ಮರುದಿನ ಹೆಡ್‌ಮಾಸ್ತರರು ಕರೆದರು. ಬೇಡಾಗಿದ್ದ ಯೋಜನೆ ತಾನಾಗಿ ತೊಲಗುತ್ತಿದೆ ಎಂಬ ಖುಷಿ ಮುಖದ ಮೇಲೇ ಇತ್ತು. ಕಲಾವಿದೆ ತರಗತಿಯಲ್ಲಿ ಪಾಲಕರಿಂದ ಹಣ ಬೇಡಿದರು ಎಂದು ಕಾಗದದಲ್ಲಿ ಬರೆದಿತ್ತು. ಕಣ್ಣಾರೆ ಕಂಡವನ ಸಹಿ ಬೇಕಾಗಿತ್ತು.

"ಬೇಡಿಲ್ರಿ ಅವರು," ಅಂದೆ. ದನಿ ನನಗೇ ಕೇಳಿಸಲಿಲ್ಲ.

"ಮಾಸ್ತರ, ನಿಮ್ಮ ಕಾಯಂ ಆಗೂ ಕಾಗದನೂ ಇದ ಟೇಬಲ್ ಮ್ಯಾಲಿಂದನ ಹೋಗೂದೈತಿ," ಅಂದರು.

ಸಹಿ ಹಾಕಿದೆ. ಹೆದರಿ ಹಾಕಿದೆ ಅಂತ ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಪೂರ್ತಿ ನಿಜ ಅದಲ್ಲ. ಸಾಹೇಬರ ಮುಂದೆ ಅವರು ನೋಟು ಹಿಡಿದಾಗ ನನಗೆ ನಾಚಿಕೆಯಾಗಿತ್ತು. ಅಕ್ಕೋರು ಅಂತ ಹುಡುಗರ ಬಾಯಲ್ಲಿ ಅನ್ನಿಸಿದವನು ನಾನು. ಒಳಗೆ ನನಗೂ ಅವರು ಆಟದ ಹೆಂಗಸೇ ಆಗಿದ್ದರು. ಥೂ...

ಮುಂದಿನ ಗುರುವಾರ ಅವರು ಎಂದಿನಂತೆ ಬಂದರು. ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಹೆಡ್‌ಮಾಸ್ತರರು ಗೇಟಿನಲ್ಲೇ ನಿಲ್ಲಿಸಿ, ಇನ್ನು ಬರುವುದು ಬೇಡ ಎಂದು ಹೇಳಿ ಒಳಗೆ ಹೋದರು. ಕಿಟಕಿಗೆ ಮುತ್ತಿಕೊಂಡ ಹುಡುಗರು "ಅಕ್ಕೋರ, ಬರ್ರಿ" ಎಂದು ಕರೆಯುತ್ತಲೇ ಇದ್ದವು. ಬಸ್ ಸ್ಟ್ಯಾಂಡಿನವರೆಗೆ ನಾನು ಜೊತೆಗೆ ನಡೆದೆ.

"ನಾ ಏನ ತಪ್ಪ ಮಾಡೀನ್ರಿ ಸರ?"

"ನಿಮ್ದೇನೂ ತಪ್ಪಿಲ್ರಿ. ನಾ ಭಾಳ ಜಗಳಾಡಿ ನೋಡೀನ್ರಿ, ಅವರು ಕೇಳಲಿಲ್ಲ," ಅಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ಅವರು ಸೆರಗಿನಿಂದ ಮುಖ ಒರೆಸಿಕೊಂಡು, ನನಗೇ ಸಮಾಧಾನ ಹೇಳಿ ಬಸ್ಸು ಹತ್ತಿದರು. ಮತ್ತೆ ಆಟಕ್ಕೆ ಹೋಗಿರಬೇಕು. ಬೇರೆ ದಾರಿ ಏನಿತ್ತು? ಅವರ ಆಟ ಇದ್ದ ಊರಿಗೆ ನಾನು ಕಾಲಿಡಲಿಲ್ಲ. ಆ ವರ್ಷವೇ ನನ್ನ ನೌಕರಿ ಕಾಯಂ ಆಯಿತು. ಈಗ ಪಿಂಚಣಿ ತಿನ್ನುತ್ತಿದ್ದೇನೆ.

ಹೋದ ವರ್ಷ ಚಿಕ್ಕೋಡಿಯ ಒಂದು ಮದುವೆಯಲ್ಲಿ, ನಾನು ಆ ಶಾಲೆಯಲ್ಲಿದ್ದವನು ಎಂದು ಯಾರೋ ಹೇಳಿದ್ದು ಕೇಳಿ ಒಬ್ಬ ಹೆಣ್ಣುಮಗಳು ಹತ್ತಿರ ಬಂದಳು. ಅಕ್ಕೋರ ಮಗಳಂತೆ. ತಾಯಿ ತೀರಿಕೊಂಡು ಆರು ವರ್ಷವಾಯಿತು ಅಂದಳು. ನನಗೆ ಅದೂ ಗೊತ್ತಿರಲಿಲ್ಲ.

"ನಾನೂ ಒಂದ ವರ್ಷ ಅಕ್ಕೋರ ಆಗಿದ್ನಿ ಅಂತ ಕಡೀತನಾ ಹೇಳ್ತಿದ್ಳ್ರಿ ನಮ್ಮವ್ವ. ಅಲ್ಲಿ ಒಬ್ಬರ ಸರ ಇದ್ರು, ನನ್ನ ಸಲುವಾಗಿ ಎಲ್ಲಾರ ಕೂಡ ಜಗಳಾಡಿದ್ರು ಅಂತಿದ್ಳು. ನೀವ ಅಲ್ರಿ ಅವರು?"

"ಹೌದವಾ," ಅಂದೆ.

ಆಕೆ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ಹಿಂದೆ ಸರಿಯಲಿಲ್ಲ. ತಲೆಯ ಮೇಲೆ ಕೈಯಿಟ್ಟು ಹರಸಿ, ಪಂಕ್ತಿಯಲ್ಲಿ ಕೂತು ಊಟವನ್ನೂ ಮಾಡಿದೆ. ಯಾರ ಮುಂದೆ ನಾನು ಕೈಮುಗಿದು ತಪ್ಪೊಪ್ಪಿಕೊಳ್ಳಬೇಕಾಗಿತ್ತೋ ಅವರು ಈಗಿಲ್ಲ. ಅವರ ಮನೆಯಲ್ಲಿ ಇವತ್ತಿಗೂ ನಾನು ಒಳ್ಳೆಯವನು.