ನಾಲ್ಕಡಿ ಗೀಟೂ ನಾಲ್ಕು ಗಂಟೆಯ ಗೈಡೂ

ಬೆಳಿಗ್ಗೆ ಆರು ದಾಟಿದ ಮೇಲೆ ವಿಜಯವಾಡ ಬಿಡುವ ಗಾಡಿಗೆ ನಾವು ಇಬ್ರಾಹಿಂಪಟ್ನಂ ಕಾಲೊನಿಯಿಂದ ನಾಲ್ಕೂವರೆಗೇ ಆಟೋ ಹತ್ತಿದೆವು. ಇರುವುದು ಹದಿನೆಂಟು ಕಿಲೋಮೀಟರು. "ಅಷ್ಟು ಲಗೂ ಹೋಗಿ ಪ್ಲಾಟ್‌ಫಾರ್ಮ್ ಕಸಾ ಹೊಡಿಯೂದೈತೇನು?" ಎಂದು ನನ್ನ ಹೆಂಡತಿ ಶೋಭಾ ಆಕಳಿಸುತ್ತಲೇ ಕೇಳಿದಳು. ಧಾರವಾಡ ಬಿಟ್ಟು ಹನ್ನೊಂದು ವರ್ಷವಾದರೂ ಅವಳ ಮಾತಿನ ಮೊನಚು ಸವೆದಿಲ್ಲ. ಮಗಳು ಶ್ರುತಿ ಮಾತ್ರ ನನಗಿಂತ ಮೊದಲೇ ಎದ್ದು ಹೊಸ ಬೂಟು ಹಾಕಿಕೊಂಡು ಕೂತಿದ್ದಳು.

ಇದು 2006ರ ಸಂಕ್ರಾಂತಿ ರಜೆಯ ಮಾತು. ಹಿಂದಿನ ವರ್ಷವೂ ಇದೇ ರಜೆಯಲ್ಲಿ ವಿಶಾಖಪಟ್ಟಣದ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿದ್ದೆವು. ಬಿಸಿಲಲ್ಲಿ ಸಾಲು ನಿಂತು ನಿಂತು ಇಡೀ ದಿನದಲ್ಲಿ ನಾಲ್ಕೇ ನಾಲ್ಕು ಆಟ ಆಡಿದ್ದೆವು. ಕೊನೆಗೆ ರೋಲರ್ ಕೋಸ್ಟರ್ ಹತ್ತಿರ ಬಂದರೆ, ಅಲ್ಲಿ ನೆಟ್ಟಿದ್ದ ಕಂಬದ ಮೇಲಿನ ನಾಲ್ಕಡಿ ಗೀಟಿಗೆ ಶ್ರುತಿ ಎರಡು ಬೆರಳು ಕಡಿಮೆ ಬಿದ್ದಳು. ಅವಳ ಕ್ಲಾಸಿನ ಹುಡುಗಿಯೊಬ್ಬಳು ಅವಳ ಕಣ್ಣೆದುರೇ ಹತ್ತಿ ಹೋದಳು. ಅಳು ನಿಲ್ಲಿಸಲು ನಾನು ಮಾತು ಕೊಟ್ಟೆ: ಮುಂದಿನ ವರ್ಷ ಖಂಡಿತ.

ಅಂದಿನಿಂದ ನಮ್ಮ ಕ್ವಾರ್ಟರ್ಸಿನ ಅಡುಗೆಮನೆ ಬಾಗಿಲ ಚೌಕಟ್ಟಿನ ಮೇಲೆ ಪ್ರತಿ ತಿಂಗಳೂ ಪೆನ್ಸಿಲ್ ಗೀಟು ಬಿತ್ತು. ಅವಳ ಮುಖ ನೋಡಿ ನಾನು ಸ್ಕೇಲನ್ನು ಒಂದಿಷ್ಟು ಮೇಲಕ್ಕೆ ವಾಲಿಸಿ ಗೀಟು ಹಾಕುತ್ತಿದ್ದೆ. ಚೌಕಟ್ಟಿನ ಮೇಲೆ ಮಗಳು ಚೆನ್ನಾಗಿಯೇ ಬೆಳೆದಳು. ನೆಲದ ಮೇಲೆ ಬೆಳೆದದ್ದು ಒಂದೇ ಬೆರಳು.

ಉಳಿದ ಒಂದು ಬೆರಳಿಗೆ ನಾನು ಮಾಡಿದ್ದನ್ನು ಈಗ ಹೇಳಿಬಿಡುತ್ತೇನೆ. ನಮ್ಮ ಕಾಲೊನಿಯಲ್ಲಿ ಕಲ್ಲಿದ್ದಲು ಸಾಗಿಸುವ ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರು ತುಂಡುಗಳನ್ನು ಗುಜರಿ ಅಂಗಡಿಯಿಂದ ತಂದು ಕಾಲೊರಸು ಮಾಡಿಕೊಳ್ಳುವುದು ವಾಡಿಕೆ. ನಮ್ಮ ಹಿತ್ತಲ ಬಾಗಿಲ ಕಾಲೊರಸಿನ ಮೂಲೆಯಿಂದ ಶ್ರುತಿಯ ಪಾದದ ಅಳತೆಗೆ ಎರಡು ತುಂಡು ಕತ್ತರಿಸಿ, ಒಂದು ಸೈಜು ದೊಡ್ಡ ಬೂಟು ಕೊಂಡು, ಅದರೊಳಗೆ ಕೂರಿಸಿದೆ. "ಅಮ್ಮನಿಗೆ ಹೇಳಬೇಡ" ಎಂದೆ. ಅವಳು ಗಂಭೀರವಾಗಿ ತಲೆಯಾಡಿಸಿದಳು. ಥರ್ಮಲ್ ಪ್ಲಾಂಟಿನಲ್ಲಿ ನನ್ನ ಹುದ್ದೆ ಸೇಫ್ಟಿ ಆಫೀಸರ್. ಹೆಲ್ಮೆಟ್ ಇಲ್ಲದೆ, ಬೂಟಿಲ್ಲದೆ ಬಂದವರನ್ನು ಗೇಟಿನಿಂದಲೇ ವಾಪಸು ಕಳಿಸುವುದು ನನ್ನ ಅನ್ನ.

ವಿಶಾಖಪಟ್ಟಣಕ್ಕೆ ಮುನ್ನೂರೈವತ್ತು ಕಿಲೋಮೀಟರು, ಆರು ಗಂಟೆ ಪಯಣ, ಕೂತು ಹೋಗುವ ಟಿಕೆಟ್ಟು ತಲೆಗೆ ನೂರರ ಒಳಗೆ. ಕೂತು ಹೋದವರು ಉಳಿದವರು. ನಾನು ಏಲೂರು ಬರುವುದರೊಳಗೆ ಎರಡು ಸಲ ಬಾಗಿಲಿಗೆ ಹೋಗಿ ಬಂದೆ, ತಾಡೇಪಲ್ಲಿಗೂಡೆಂನಲ್ಲಿ ಇಳಿದು ಇಡ್ಲಿ ತಂದೆ, ಅದು ಆರಿತ್ತು ಎಂದು ಬೈಸಿಕೊಂಡೆ. ಗೋದಾವರಿ ಸೇತುವೆ ಮೇಲೆ ಎಲ್ಲರೂ ನದಿ ನೋಡುತ್ತಿದ್ದಾಗ ನಾನು ಗಡಿಯಾರ ನೋಡಿದೆ.

"ಹಿತ್ತಲ ಕಾಲೊರಸು ಯಾರ್ ಕತ್ತರಿಸ್ಯಾರ್ರಿ?" ಎಂದು ಶೋಭಾ ಅಣ್ಣಾವರಂ ಹತ್ತಿರ ಇದ್ದಕ್ಕಿದ್ದಂತೆ ಕೇಳಿದಳು.

"ಇಲಿ ಇರಬೇಕು" ಎಂದೆ.

"ಪಾದದ ಆಕಾರಕ್ಕ ಕಡಿತಾವೇನು ಈಗಿನ ಇಲಿ?"

ಶ್ರುತಿ ಕಿಟಕಿಯತ್ತ ತಿರುಗಿ ಕೂತಳು.

ಮಧ್ಯಾಹ್ನ ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ರೂಮು ಹಿಡಿದೆವು. ಸಂಜೆ ಬೀಚಿಗೆ ಹೋದೆವು. ಜನವರಿಯಾದರೂ ಅಂಗಿ ಮೈಗಂಟುವಷ್ಟು ಉಪ್ಪುಗಾಳಿ. ತಳ್ಳುಗಾಡಿಯವನ ಹತ್ತಿರ ಮೆಣಸಿನಕಾಯಿ ಬಜ್ಜಿ ತಿಂದೆವು. ಅಲೆಯಲ್ಲಿ ಆಡೆಂದರೆ ಶ್ರುತಿ ಬೂಟು ಬಿಚ್ಚಲೇ ಇಲ್ಲ. ಅಭ್ಯಾಸ ಆಗಲಿ ಎಂದು ಹಾಕಿಕೊಂಡಿದ್ದೇನೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ನನಗೆ ಅದು ಜಾಣತನವಾಗಿಯೇ ಕಂಡಿತು.

ಗೈಡಿನ ವಿಷಯ ಎತ್ತಿದವರು ಲಾಡ್ಜಿನ ಮ್ಯಾನೇಜರು. ರಜೆಯ ಜನಜಂಗುಳಿಯಲ್ಲಿ ಗೈಡಿಲ್ಲದೆ ಪಾರ್ಕಿಗೆ ಹೋದರೆ ಸಾಲಿನಲ್ಲೇ ಸಂಜೆಯಾಗುತ್ತದೆ, ಅಲ್ಲೇ ಕೆಲಸ ಮಾಡಿ ಬಿಟ್ಟ ಅಪ್ಪಲರಾಜು ಎಂಬವರಿದ್ದಾರೆ, ನಾಲ್ಕು ಗಂಟೆಗೆ ಮುನ್ನೂರು ರೂಪಾಯಿ ಎಂದರು.

"ಆಟ ಆಡಾಕ ಗೈಡ್ ಯಾಕ? ಇದೇನ್ ಹಂಪಿ ಐತೇನು, ಕಂಬದ ಕಥಿ ಹೇಳಾಕ?" ಎಂದಳು ಶೋಭಾ. ನನಗೆ ಬೇಕಿದ್ದದ್ದೂ ಒಂದು ಕಂಬದ ಕಥೆಯೇ ಎಂದು ಅವಳಿಗೆ ಹೇಗೆ ಹೇಳಲಿ? ಅಲ್ಲಿ ಕೆಲಸ ಮಾಡಿದವರಿಗೆ ಕಂಬದ ಬಳಿ ನಿಲ್ಲುವವರ ಪರಿಚಯ ಇದ್ದೇ ಇರುತ್ತದೆ ಎಂಬ ಲೆಕ್ಕಾಚಾರದಲ್ಲಿ ನಾನು ಹೂಂ ಅಂದೆ.

ಮರುದಿನ ಒಂಬತ್ತೂವರೆಗೆ ಪಾರ್ಕಿನ ಗೇಟಿನಲ್ಲಿ ಅಪ್ಪಲರಾಜು ಸಿಕ್ಕರು. ಐವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಹೆಗಲ ಮೇಲೆ ಟವೆಲು, ನಿಧಾನದ ತೆಲುಗು. "ನಮಸ್ಕಾರಮಂಡಿ" ಎಂದು ಕೈಮುಗಿದು, ಶ್ರುತಿಯನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು. "ಅಮ್ಮಾ, ಯಾವುದು ಮೊದಲು?" ಎಂದು ತೆಲುಗಿನಲ್ಲಿ ಕೇಳಿದರು. "ಕೋಸ್ಟರ್" ಎಂದಳು ಅವಳು. "ಅದು ಕೊನೆಗೆ" ಎಂದರು ಅವರು, ಮತ್ತೆ ಆ ಮಾತೆತ್ತಲಿಲ್ಲ.

ಗೈಡು ಬೇಕೇ ಎಂದು ಈಗಲೂ ಆಫೀಸಿನಲ್ಲಿ ಕೇಳುವವರಿದ್ದಾರೆ. ಅವರಿಗೆ ನಾನು ಹೇಳುವ ಸಂಗತಿಗಳು ಇವು. ಎಲ್ಲರೂ ಗೇಟಿನ ಹತ್ತಿರದ ಆಟಕ್ಕೆ ಮುಗಿಬೀಳುವಾಗ ಅವರು ನಮ್ಮನ್ನು ಸೀದಾ ತುದಿಗೆ ಕರೆದೊಯ್ದು ಅಲ್ಲಿಂದ ಹಿಂದಕ್ಕೆ ಬಂದರು. ಕೊಲಂಬಸ್ ದೋಣಿಯಲ್ಲಿ ಯಾವ ಕಡೆ ನೆರಳು, ಡ್ಯಾಶಿಂಗ್ ಕಾರಿನಲ್ಲಿ ಯಾವ ಕಾರು ಚುರುಕು, ಎಲ್ಲ ಅವರಿಗೆ ಗೊತ್ತು. ಹನ್ನೆರಡೂವರೆಗೆ ಏಳು ಆಟ ಮುಗಿದಿದ್ದವು. ಆದರೆ ಒಂದು ಆಟವೂ ನನ್ನ ತಲೆಗೆ ಹತ್ತಲಿಲ್ಲ. ಜೈಂಟ್ ವೀಲಿನ ತುದಿಯಲ್ಲಿ ಕೂತಾಗಲೂ ನನ್ನ ಕಣ್ಣು ದೂರದ ಆ ಕಂಬವನ್ನೇ ಹುಡುಕುತ್ತಿತ್ತು.

ಊಟಕ್ಕೆ ಪುಳಿಹೋರ ಎಂಬ ಹುಳಿಯನ್ನ ಕಟ್ಟಿಸಿಕೊಂಡು ತಾಯಿ ಮಗಳು ಮರದಡಿ ಕೂತಾಗ, ನಾನು ಅಪ್ಪಲರಾಜು ಅವರನ್ನು ಕಬ್ಬಿನ ಹಾಲಿನ ಅಂಗಡಿಯ ಹಿಂದಕ್ಕೆ ಕರೆದೆ. ಕೈಯಲ್ಲಿ ಒಂದು ನೋಟು ಮಡಚಿ ಹಿಡಿದಿದ್ದೆ. "ಗೀಟಿನ ಹತ್ತಿರ ಸ್ವಲ್ಪ ನೋಡಿಕೊಳ್ಳಬೇಕು. ಕೂದಲೆಳೆಯಷ್ಟು ಕಡಿಮೆ ಬಿದ್ದೀತು" ಎಂದೆ.

ಅವರು ನೋಟನ್ನು ನೋಡಲಿಲ್ಲ. "ತಮ್ಮ ಕೆಲಸ ಏನು ಸಾರ್?"

"ಥರ್ಮಲ್‌ನಲ್ಲಿ ಎಂಜಿನಿಯರ್" ಎಂದೆ. ಸೇಫ್ಟಿ ಎಂಬ ಪದ ಬಾಯಿಂದ ಹೊರಡಲಿಲ್ಲ.

"ಆ ಗೀಟು ಎತ್ತರಕ್ಕಲ್ಲ ಸಾರ್. ಸೀಟಿನಿಂದ ಬೀಳದಂತೆ ತಡೆಯುವ ಬಾರ್ ಮಗುವಿನ ಸೊಂಟದ ಮೇಲೆ ಎಲ್ಲಿ ಕೂರುತ್ತದೆ ಎಂಬುದಕ್ಕೆ. ನನಗೆ ಅಲ್ಲಿ ಎಲ್ಲರೂ ಗೊತ್ತು. ಗೊತ್ತಿರುವುದರಿಂದಲೇ ಕೇಳಲಾರೆ." ಇಂಥದೇ ಮಾತನ್ನು ನಾನು ವರ್ಷಗಟ್ಟಲೆ ಕೂಲಿಗಳಿಗೆ ಹೇಳುತ್ತ ಬಂದಿದ್ದೇನೆ, ಇಷ್ಟು ಮೆತ್ತಗೆ ಅಲ್ಲ, ಅಷ್ಟೇ. ನಾಚಿ ನೋಟನ್ನು ಜೇಬಿಗೆ ತುರುಕಿದೆ. ಆದರೂ ಒಳಗೊಳಗೇ ಧೈರ್ಯವಿತ್ತು, ಬೂಟು ಇದೆಯಲ್ಲ ಎಂದು.

ಅವರು ಸೀದಾ ಮರದಡಿಗೆ ಹೋಗಿ ಶ್ರುತಿಯ ಎದುರು ಕುಕ್ಕರಗಾಲಲ್ಲಿ ಕೂತರು. "ಅಮ್ಮಾ, ಹನ್ನೊಂದು ಗಂಟೆಯಿಂದ ನೋಡುತ್ತಿದ್ದೇನೆ. ಬಲಗಾಲು ಊರುತ್ತಿಲ್ಲ ನೀನು. ಬೂಟು ಬಿಚ್ಚು."

ಶ್ರುತಿ ನನ್ನ ಮುಖ ನೋಡಿದಳು. ಬೂಟು ಬಿಚ್ಚಿದಾಗ ಕಾಲುಚೀಲದ ಹಿಮ್ಮಡಿ ಕೆಂಪಗೆ ಅಂಟಿಕೊಂಡಿತ್ತು. ಎಡಗಾಲಿನದೂ ಹಾಗೆಯೇ. ಚರ್ಮ ಸುಲಿದು ನೀರು ಸೋರುತ್ತಿತ್ತು. ಅಪ್ಪಲರಾಜು ಬೂಟಿನೊಳಗಿಂದ ರಬ್ಬರನ್ನು ಎಳೆದು, ಹೆಬ್ಬೆರಳಲ್ಲಿ ಒತ್ತಿ ನೋಡಿ, ನನ್ನ ಕಡೆ ತಿರುಗದೆ ಹುಲ್ಲಿನ ಮೇಲಿಟ್ಟರು.

"ಬೆಳಿಗ್ಗೆ ಕೇಳಿದಾಗ ಒತ್ತೂದಿಲ್ಲ ಅಂದ್ಯಲ್ಲ" ಎಂದಳು ಶೋಭಾ.

"ನಾನ್ನಾಗ ಪ್ರಾಮಿಸ್ ಮಾಡಿದ್ದೆ ಅಮ್ಮಾ, ನಿನಗ ಹೇಳೂದಿಲ್ಲ ಅಂತ." ತೆಲುಗು ಗೆಳತಿಯರಂತೆ ಶ್ರುತಿ ನನ್ನನ್ನು ನಾನ್ನಾ ಎಂದೇ ಕರೆಯುತ್ತಾಳೆ.

ಶೋಭಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನು ಔಷಧಿ ತರುತ್ತೇನೆಂದು ಎದ್ದು, ಅಂಗಡಿ ಯಾವ ಕಡೆ ಎಂದು ತಿಳಿಯದೆ ಎರಡು ಸುತ್ತು ಹಾಕಿ ಬರಿಗೈಯಲ್ಲಿ ಬಂದೆ. ಅಷ್ಟರಲ್ಲಿ ಅಪ್ಪಲರಾಜು ಜ್ಯೂಸಿನವನಿಂದ ಐಸು ತಂದು ಟವೆಲಿನಲ್ಲಿ ಸುತ್ತಿ ಹಿಮ್ಮಡಿಗೆ ಹಿಡಿದಿದ್ದರು.

ಆಮೇಲೆ ಶ್ರುತಿ ಯಾರೂ ಹೇಳದೆ ಬರಿಗಾಲಲ್ಲಿ ಕುಂಟುತ್ತ ಕಂಬದ ಹತ್ತಿರ ಹೋದಳು. ನಾವು ಮೂವರೂ ಹಿಂದೆ ಹೋದೆವು. ಬೆನ್ನು ನೆಟ್ಟಗೆ ಮಾಡಿ ನಿಂತಳು. ಗೀಟು ಅವಳ ನೆತ್ತಿಯಿಂದ ಒಂದು ಬೆರಳು ಮೇಲಿತ್ತು. ಅಲ್ಲಿದ್ದ ಆಪರೇಟರು ಅವಳ ತಲೆ ಸವರಿ, "ವಚ್ಚೇ ಏಡು, ಮುಂದಿನ ವರ್ಷ" ಎಂದರು. "ಸರೇ ಅಂಕಲ್" ಎಂದಳು. ಈ ಸಲ ಅವಳು ಅಳಲಿಲ್ಲ.

ನಾಲ್ಕು ಗಂಟೆ ಮುಗಿದಿದ್ದರೂ ಅಪ್ಪಲರಾಜು ಗೇಟಿನವರೆಗೆ ಅವಳನ್ನು ಎತ್ತಿಕೊಂಡು ಬಂದರು, ಆಟೋ ಮಾತಾಡಿ ಕೂರಿಸಿದರು. ಒಪ್ಪಿದಷ್ಟೇ ಹಣ ತೆಗೆದುಕೊಂಡರು. ಅವರಿಗೆ ನಾನು ಸೇಫ್ಟಿ ಆಫೀಸರ್ ಎಂದು ಹೇಳಿಬಿಡಬೇಕೆನಿಸಿತು. ಬಾಯಿ ತೆರೆಯುವಷ್ಟರಲ್ಲಿ ಆಟೋ ಹೊರಟಿತು.

ಮರಳುವ ಗಾಡಿಯಲ್ಲಿ ಶ್ರುತಿ ಕಾಲುಗಳನ್ನು ಅಮ್ಮನ ತೊಡೆಯ ಮೇಲೆ ಚಾಚಿ ಮಲಗಿದಳು. ನಾನು ಎದುರು ಸೀಟಿನಲ್ಲಿ ಕೂತೆ. ಆರು ಗಂಟೆ ಒಮ್ಮೆಯೂ ಏಳದೆ ಕೂತದ್ದು ಅದೇ ಮೊದಲು. ಗಡಿಯಾರವನ್ನೂ ನೋಡಲಿಲ್ಲ.

ಮನೆಗೆ ಬಂದ ಮೇಲೆ ಶ್ರುತಿ ಮೊದಲು ಮಾಡಿದ ಕೆಲಸವೆಂದರೆ ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತದ್ದು. "ನಾನ್ನಾ, ಪೆನ್ಸಿಲ್ ತಗೊಂಬಾ."

ನಾನು ಸ್ಕೇಲನ್ನು ಅವಳ ತಲೆಯ ಮೇಲಿಟ್ಟೆ. ಅದು ರೂಢಿಯಂತೆ ಮೇಲಕ್ಕೆ ವಾಲಿತೋ ಏನೋ.

"ಒತ್ತು" ಎಂದಳು.

ಒತ್ತಿದೆ.

"ಇನ್ನೂ ಒತ್ತು ನಾನ್ನಾ. ಕೂದಲು ಬಿಟ್ಟು ತಲಿ ಹತ್ತಬೇಕು."

ಗೀಟು ಎಳೆದೆ. ಅದು ಹೋದ ತಿಂಗಳ ಗೀಟಿಗಿಂತ, ಅದರ ಹಿಂದಿನ ತಿಂಗಳದ್ದಕ್ಕಿಂತಲೂ ಕೆಳಗೆ ಬಂತು. ಶ್ರುತಿ ತಿರುಗಿ ಅದನ್ನು ನೋಡಿ, ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಪಕ್ಕದಲ್ಲಿ ತಾನೇ ತಾರೀಖು ಬರೆದಳು. ಆಮೇಲೆ ರಬ್ಬರು ತಂದುಕೊಟ್ಟು, ಮೇಲಿನವನ್ನೆಲ್ಲ ಅಳಿಸು ಎಂದಳು.