ವೃಷಭಾವತಿಯಲ್ಲಿ ಬಿಟ್ಟ ನಿಂಬೆಹಣ್ಣು

ಕಳೆದ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ನಾನು ಬೆಂಗಳೂರಿನ ನಾಗರಬಾವಿಯ ಒಂದು ಸಣ್ಣ ಸರ್ವೆ ಆಫೀಸಿನಲ್ಲಿ ಫೀಲ್ಡ್ ಅಸಿಸ್ಟೆಂಟ್ ಆಗಿದ್ದೆ. ಇಂಜಿನಿಯರಿಂಗ್ ಓದಿದವನಲ್ಲ, ನದಿ ಅಳೆಯುವುದನ್ನು ವಿಡಿಯೋ ನೋಡಿ ನೋಡಿಯೇ ಕಲಿತವನು. ಮೈಸೂರು ರಸ್ತೆಯ ಪಕ್ಕದಲ್ಲೇ ಹರಿದು, ಕೆಂಗೇರಿ ದಾಟಿ ಹಳ್ಳಿಗಳ ಕಡೆ ಹೋಗುವ ವೃಷಭಾವತಿಯನ್ನು ಎಲ್ಲರೂ ಮೋರಿ ಅನ್ನುತ್ತಾರೆ. ನನಗೆ ಮಾತ್ರ ಅದು ನದಿ, ಅದರ ಹುಚ್ಚೇ ಹಿಡಿದಿತ್ತು.

ನೀರಿನ ವೇಗ ಅಳೆಯಲು ಫ್ಲೋಟ್ ಮೆಥಡ್ ಎಂಬ ಸುಲಭ ವಿಧಾನವಿದೆ. ದಡದಲ್ಲಿ ಐವತ್ತು ಮೀಟರ್ ಗುರುತು ಮಾಡಿ, ಮೇಲಿನ ತುದಿಯಲ್ಲಿ ಒಂದು ಹಣ್ಣು ತೇಲಿಬಿಟ್ಟು, ಕೆಳಗೆ ಬರಲು ಎಷ್ಟು ಸೆಕೆಂಡ್ ಬೇಕೆಂದು ನೋಡುವುದು. ಸಾಮಾನ್ಯವಾಗಿ ಕಿತ್ತಳೆ ಬಳಸುತ್ತೇವೆ. ಅವತ್ತು ಅಂಗಡಿಯಲ್ಲಿ ಸಿಕ್ಕಿದ್ದು ನಿಂಬೆಹಣ್ಣು. ನನ್ನ ಜೊತೆಗಾರ, ಬಾಗಲಕೋಟೆ ಕಡೆಯ ಬಸವರಾಜ, ಒಂದೊಂದರ ಮೇಲೂ ಕೆಂಪು ಮಾರ್ಕರ್‌ನಲ್ಲಿ ನಂಬರ್ ಬರೆದ.

ಕೆಂಗೇರಿ ಆಚೆಯ ಒಂದು ಹಳ್ಳಿಯಲ್ಲಿ, ಮಾರಮ್ಮನ ಗುಡಿಯ ಹಿಂದೆ ನಿಂತು ಅವನು ಹಣ್ಣು ಬಿಡುತ್ತಿದ್ದ. ಕೆಳಗೆ ನಾನು ಬಲೆ ಹಿಡಿದು ನಿಂತಿದ್ದೆ. ಮೂರು ಬಂದವು. ನಾಲ್ಕನೆಯದು ಬರಲಿಲ್ಲ, ಕೂಗಾಟ ಕೇಳಿಸಿತು.

ಓಡಿಹೋದಾಗ ಬಸವರಾಜ ನೆಲಕ್ಕೆ ಬಿದ್ದಿದ್ದ. ಎಡಗಣ್ಣಿನಿಂದ ರಕ್ತ ಸುರಿಯುತ್ತಿತ್ತು. ಆಟೋ ಓಡಿಸುವ ಮಂಜಣ್ಣ ಎಂಬಾತ ಕಬ್ಬಿಣದ ರಾಡ್ ಹಿಡಿದು ಅವನ ಮೇಲೆ ನಿಂತಿದ್ದ, ಸುತ್ತ ಜನ. ಮಂಜಣ್ಣನ ಪುಟ್ಟ ಮಗಳಿಗೆ ನಾಲ್ಕು ದಿನದಿಂದ ವಾಂತಿ ಭೇದಿ, ಜ್ವರ.

"ಯಾರು ಕಳ್ಸಿದ್ದು ಹೇಳೋ. ಮಾಟ ವಾಪಸ್ ತೆಗಿ, ಇಲ್ಲಾಂದ್ರೆ ಇಲ್ಲೇ ಮುಗಿಸ್ಬಿಡ್ತೀನಿ."

"ಅಣ್ಣಾರ, ನೀರಿನ ಸ್ಪೀಡ್ ನೋಡಾಕತ್ತಿದ್ವಿ ರೀ."

"ಮೋರಿ ನೀರಿಗೆ ಎಂಥ ಸ್ಪೀಡೋ? ಬಾಯಲ್ಲಿ ಮಂತ್ರ ಹೇಳ್ತಿದ್ದೆ, ನಾನೇ ನೋಡಿದೀನಿ."

ಬಸವರಾಜ ಸೆಕೆಂಡ್ ಎಣಿಸುತ್ತಿದ್ದ, ಅಷ್ಟೇ. ಸ್ಟಾಪ್‌ವಾಚ್ ತೋರಿಸಲು ನಾನು ಮೊಬೈಲ್ ಎತ್ತಿದೆ. ಯಾರೋ ಅದನ್ನು ಕಿತ್ತು ಎಸೆದರು, ನನ್ನ ಭುಜಕ್ಕೊಂದು ದೊಣ್ಣೆಪೆಟ್ಟು ಬಿತ್ತು. ಬಸವರಾಜನ ತಲೆಯ ಮೇಲೆ ರಾಡ್ ಮತ್ತೆ ಏರಿತು. ಇನ್ನೊಂದು ಏಟು ಬಿದ್ದರೆ ಅವನು ಉಳಿಯುತ್ತಿರಲಿಲ್ಲ.

ನನ್ನ ಬಲೆಯಲ್ಲಿ ಕಪ್ಪು ನೀರು ತೊಟ್ಟಿಕ್ಕುವ ಹಣ್ಣುಗಳಿದ್ದವು. ಒಂದನ್ನು ತೆಗೆದೆ.

"ಮಾಟ ಇದ್ರೆ ನಂಗೇ ತಗಲ್ಲಿ ಅಣ್ಣ," ಎಂದು ಕಚ್ಚಿ ನುಂಗಿದೆ.

ಗಲಾಟೆ ನಿಂತುಹೋಯಿತು. ಗುಂಪಿನಲ್ಲಿದ್ದ ಒಬ್ಬ ಆಂಟಿ ಬಾಯಿಗೆ ಸೆರಗು ಒತ್ತಿಕೊಂಡರು.

"ಅಯ್ಯೋ, ಆ ನೀರಲ್ಲಿ ಬಿದ್ದಿದ್ದನ್ನ ತಿಂತಾರೇನೋ? ಸತ್ತೋಗ್ತೀಯ ಕಣೋ."

ನಾನು ಅಲ್ಲೇ ವಾಂತಿ ಮಾಡಿಕೊಂಡೆ. ಆಂಟಿ ಈಗ ಮಂಜಣ್ಣನ ಕಡೆ ತಿರುಗಿದರು.

"ನಿಮ್ಮನೆ ಬೋರು ಮೋರಿ ಪಕ್ಕದಲ್ಲೇ ಐತೆ. ಮಗೂಗೆ ಅದನ್ನೇ ಕುಡಿಸ್ತೀಯ, ತಾಯತ ಕಟ್ಟಿ ಮನೇಲಿ ಕೂರ್ತೀಯ. ರಾಡ್ ಬಿಸಾಕಿ ಆಟೋ ತೆಗಿಯೋ."

ಆ ಆಟೋದಲ್ಲೇ ಎಲ್ಲರೂ ಆಸ್ಪತ್ರೆಗೆ ಹೋದೆವು. ತಾಯಿಯ ಮಡಿಲಲ್ಲಿ ಮಗು, ನನ್ನ ತೊಡೆಯ ಮೇಲೆ ಬಸವರಾಜನ ತಲೆ. ಮಂಜಣ್ಣನೇ ಆಟೋ ಓಡಿಸಿದ.

ಮಗು ಉಳಿಯಿತು. ಬಸವರಾಜನ ಎಡಗಣ್ಣು ಉಳಿಯಲಿಲ್ಲ. ಮಂಜಣ್ಣನ ಮೇಲೆ ಕೇಸ್ ನಡೆಯುತ್ತಿದೆ, ಅದನ್ನು ವಾಪಸ್ ತೆಗೆದುಕೊಳ್ಳಲು ಬಸವರಾಜ ಒಪ್ಪಿಲ್ಲ.

ನೀರು ಅಳೆಯುವುದಕ್ಕಿಂತ ಮೊದಲು, ದಡದಲ್ಲಿ ಇರುವವರಿಗೆ ನಾವು ಯಾರೆಂದು ಗೊತ್ತಾಗಬೇಕು. ಇದನ್ನು ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ಈಗ ಟೇಪ್ ಬಿಚ್ಚುವ ಮುಂಚೆ ಇಬ್ಬರೂ ಹತ್ತಿರದ ಮನೆಗಳ ಬಾಗಿಲು ತಟ್ಟುತ್ತೇವೆ. ಬಸವರಾಜ ಕಪ್ಪು ಕನ್ನಡಕ ತೆಗೆದು, ಮುಖ ಪೂರ್ತಿ ಕಾಣುವಂತೆ ನಿಂತು ಹೇಳುತ್ತಾನೆ:

"ಅಕ್ಕಾರ, ನೀರು ಅಳ್ಯಾಕ ಬಂದೀವಿ. ನೀವೂ ಬಂದು ನಿಂತು ನೋಡ್ರಿ."