ಎರಡೂ ಕಡೆ ತೆರೆಯುವ ಪೆಟ್ಟಿಗೆ

ನಾನು ಚಿಕ್ಕವನಿದ್ದಾಗ ಖಾನಾಪುರದಲ್ಲಿ ನಮ್ಮಪ್ಪ ಮಾಡಿದ ಮಣೆಯ ಮೇಲೆ ಯಾರೂ ಸುಮ್ಮನೆ ಕೂರುತ್ತಿರಲಿಲ್ಲ. ಮೊದಲು ಕೈಯಿಂದ ಒತ್ತಿ ನೋಡುತ್ತಿದ್ದರು. ಅಪ್ಪ ಒಳ್ಳೆಯ ಬಡಿಗನೇ. ಅವನು ಮಾಡಿದ ನೇಗಿಲಿಗಾಗಲಿ ಬಾಗಿಲಿಗಾಗಲಿ ಕುಂದು ಹೇಳುವಂತಿರಲಿಲ್ಲ. ಆದರೆ ಒಮ್ಮೆ ಹೊಸ ಯುಕ್ತಿ ಹೂಡಿ ಮಡಚುವ ಮಂಚವೊಂದನ್ನು ಮಾಡಿಕೊಟ್ಟಿದ್ದ. ಅದು ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದ ಪೋಸ್ಟ್ ಮಾಸ್ತರರನ್ನು ಒಳಗಿಟ್ಟುಕೊಂಡೇ ಮಡಚಿಕೊಂಡಿತು. ಅವರನ್ನು ಬಿಡಿಸಲು ಮೂರು ಜನ ಬೇಕಾಯಿತು.

ಹೀಗಿದ್ದರೂ ಬೆಳಗಾವಿಯ ಡಾಕ್ಟರರೊಬ್ಬರು ಅಪ್ಪನನ್ನು ನಂಬಿದರು. ಅವರು ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಗುಂಜಿಯ ಕಡೆಯ ಹಳ್ಳಿಗಳಿಗೆ ಹೋಗುತ್ತಿದ್ದರು. ಕಾಡುದಾರಿಯಲ್ಲಿ ಔಷಧದ ಪೆಟ್ಟಿಗೆಯನ್ನು ಕಂಪೌಂಡರ್ ತಲೆಯ ಮೇಲೆ ಹೊರಬೇಕಿತ್ತು. ಸಾಗುವಾನಿಯ ಪೆಟ್ಟಿಗೆ, ಮುಚ್ಚಳ ತಿರುಗಲು ಕಬ್ಬಿಣದ ಬಿಜಾಗರಿ, ಕಬ್ಬಿಣದ ಚಿಲಕ. ಪಾಪ, ಆ ಮನುಷ್ಯನ ಕುತ್ತಿಗೆಯೇ ಗಿಡ್ಡವಾಗಿತ್ತು. ಹಳ್ಳಿ ಮುಟ್ಟಿದ ಮೇಲೆ ಇನ್ನೊಂದು ತಾಪತ್ರಯ. ಇಬ್ಬರೂ ಪೆಟ್ಟಿಗೆಯ ಆಚೆ ಈಚೆ ಕೂರುವವರು, ಮುಚ್ಚಳ ತೆರೆಯುವುದು ಮಾತ್ರ ಒಂದೇ ಕಡೆ. ದಿನವಿಡೀ ಪೆಟ್ಟಿಗೆಯನ್ನು ಗಿರಗಿರನೆ ತಿರುಗಿಸುವುದೇ ಕೆಲಸ. ಹಗುರವಾದ, ಎರಡೂ ಕಡೆಯಿಂದ ತೆರೆಯುವ ಪೆಟ್ಟಿಗೆ ಬೇಕೆಂದು ಅವರು ಕೇಳಿದರು.

ಅವ್ವನಿಗೆ ಪೋಸ್ಟ್ ಮಾಸ್ತರರ ಮಂಚ ನೆನಪಾಯಿತು. ಇದೂ ಕೈಕೊಟ್ಟರೆ ಇನ್ನು ಮುಂದೆ ನೇಗಿಲು, ಬಾಗಿಲು ಬಿಟ್ಟು ಬೇರೆ ಯಾವ ಯುಕ್ತಿಗೂ ಕೈ ಹಾಕುವುದಿಲ್ಲವೆಂದು ಅಪ್ಪನಿಂದ ದೇವರ ಮುಂದೆ ಮಾತು ತೆಗೆದುಕೊಂಡಳು. ನನಗೆ ಆ ಮಾತು ಹಿಡಿಸಲಿಲ್ಲ. ಹೊಸದೇನಾದರೂ ಮಾಡುವಾಗ ಅಪ್ಪ ಕಿವಿಯಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು ತನ್ನಷ್ಟಕ್ಕೆ ತಾನೇ ನಗುತ್ತಿದ್ದ. ನೇಗಿಲು ಮಾಡುವಾಗ ಅವನು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಅಪ್ಪ ಕಬ್ಬಿಣವನ್ನೇ ಬಿಟ್ಟುಬಿಟ್ಟ. ತೆಳು ಹಲಗೆಯ ಪೆಟ್ಟಿಗೆ ಮಾಡಿ, ಅದರ ಎರಡು ಉದ್ದದ ಬದಿಗಳಲ್ಲಿ ಬಿದಿರಿನ ಪುಟ್ಟ ಬಳೆಗಳನ್ನು ಕೂರಿಸಿದ. ಒಂದು ಬಳೆ ಪೆಟ್ಟಿಗೆಯದು, ಪಕ್ಕದ್ದು ಮುಚ್ಚಳದ್ದು. ಬಳೆಗಳ ಸಾಲಿನೊಳಗೆ ಒಂದೊಂದು ಬೆತ್ತದ ಕಡ್ಡಿ ತೂರಿಸಿದ. ಈ ಬದಿಯ ಕಡ್ಡಿ ಎಳೆದರೆ ಈ ಬದಿ ತೆರೆಯುತ್ತದೆ, ಆ ಬದಿಯದು ಬಿಜಾಗರಿಯಾಗುತ್ತದೆ. ಆ ಬದಿಯದನ್ನು ಎಳೆದರೆ ಇದು ಬಿಜಾಗರಿ. ಚಿಲಕವೂ ಅದೇ, ಬಿಜಾಗರಿಯೂ ಅದೇ. ಎತ್ತಿ ನೋಡಿದರೆ ಹೂವಿನ ಬುಟ್ಟಿಯಷ್ಟು ಹಗುರ.

ಬೆಳಗಾವಿಗೆ ಒಯ್ಯುವ ದಿನ ಬೆಳಿಗ್ಗೆ ಅಂಗಳದಲ್ಲಿ ಪರೀಕ್ಷೆ ನಡೆಯಿತು. ಔಷಧದ ಸೀಸೆಗಳ ಬದಲು ಅಡಿಗೆಮನೆಯ ಖಾರದ ಪುಡಿ, ಶೇಂಗಾ ಚಟ್ನಿ, ಉಪ್ಪಿನಕಾಯಿಯ ಭರಣಿಗಳು ಒಳಗೆ ಕೂತವು. ಡಾಕ್ಟರರ ಜಾಗದಲ್ಲಿ ಅವ್ವ, ಕಂಪೌಂಡರನ ಜಾಗದಲ್ಲಿ ಅಪ್ಪನ ತಂಗಿ, ನಮ್ಮತ್ತೆ. ತಾನೇಕೆ ಕಂಪೌಂಡರ್ ಆಗಬೇಕೆಂದು ಅತ್ತೆ ತಕರಾರು ತೆಗೆದಳು. ಕೊನೆಗೆ ಇಬ್ಬರೂ ಡಾಕ್ಟರರೇ ಎಂದು ತೀರ್ಮಾನವಾಯಿತು. ಎದುರುಬದುರು ಕೂತು, ತಂತಮ್ಮ ಬಲಗೈ ಕಡೆಗೆ ಕಡ್ಡಿ ಎಳೆಯಬೇಕು. ಮೊದಲು ಯಾರೆಂದು ಹೇಳದೆ ಅಪ್ಪ ಹೂಂ ಎಂದ. ಇಬ್ಬರೂ ಒಮ್ಮೆಲೇ ಎಳೆದರು.

ಮುಚ್ಚಳ ಎರಡೂ ಕಡೆ ಬಿಟ್ಟುಕೊಂಡು ದಢಾರನೆ ಒಳಗೆ ಬಿತ್ತು. ಖಾರದ ಪುಡಿಯ ಭರಣಿ ಒಡೆದು ಅಂಗಳವೆಲ್ಲ ಕೆಂಪಾಯಿತು. ಅವ್ವ, ಅತ್ತೆ, ನಾನು, ಗೋಡೆಯಾಚೆಯ ನೆರೆಯವರು ಎಲ್ಲರೂ ಸೀನತೊಡಗಿದೆವು. ಸೀನುಗಳ ನಡುವೆಯೇ ಅವ್ವ ಅಪ್ಪನಿಗೆ ದೇವರ ಮುಂದಿನ ಮಾತು ನೆನಪಿಸಿದಳು. ಇಬ್ಬರು ಒಮ್ಮೆಲೇ ಎಳೆದಾರೆಂದು ಅಪ್ಪನಿಗೆ ಹೊಳೆದೇ ಇರಲಿಲ್ಲವಂತೆ. ಅಷ್ಟು ವರ್ಷ ಅವ್ವ ಮತ್ತು ಅತ್ತೆಯ ಜೊತೆ ಒಂದೇ ಮನೆಯಲ್ಲಿದ್ದೂ ಅದು ಹೇಗೆ ಹೊಳೆಯಲಿಲ್ಲವೋ ನನಗೆ ಇಂದಿಗೂ ತಿಳಿಯದು.

ಅಪ್ಪ ಕಿವಿಯಿಂದ ಪೆನ್ಸಿಲು ತೆಗೆದು ಕೆಳಗಿಟ್ಟ. ಅದನ್ನು ನೋಡಿ ನನಗೆ ಅಳು ಬಂತು. ಖಾರದಿಂದ ಆಗಲೇ ಅಳುತ್ತಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ.

ಅಕ್ಕ ಪಡಸಾಲೆಯಲ್ಲಿ ಕಡಗೋಲಿಗೆ ಸುತ್ತಿದ ಹಗ್ಗದ ಎರಡು ತುದಿ ಹಿಡಿದು ಮೊಸರು ಕಡೆಯುತ್ತಿದ್ದಳು. ಅವಳಿಗಾಗ ಹನ್ನೆರಡು ವರ್ಷ. ಶಾಲೆ ಬಿಡಿಸಿ ಎರಡು ವರ್ಷವಾಗಿತ್ತು. ಅವಳ ಕೈ ನಿಂತದ್ದನ್ನು ಕಂಡು ಅವ್ವ ಗದರಿದಳು. ಅಕ್ಕ ಕದಲಲಿಲ್ಲ.

“ಅಪ್ಪಾ, ಈ ಹಗ್ಗ ನೋಡು,” ಎಂದಳು. “ಒಂದ್ ತುದಿ ಎಳದ್ರ ಇನ್ನೊಂದು ತಾನ ಒಳಗ ಹೋಗ್ತದ. ಎರಡೂ ಕೈ ಒಮ್ಮೆಗೆ ಹಿಂದಕ್ಕ ಬರೂದಿಲ್ಲ. ಆ ಎರಡು ಕಡ್ಡಿಗೂ ಒಂದ ದಾರ ಕಟ್ಟು.”

ಅಪ್ಪ ಕಡಗೋಲಿನ ಹಗ್ಗವನ್ನು ತಾನೇ ಅತ್ತಿತ್ತ ಎಳೆದು ನೋಡಿದ. ಆಮೇಲೆ ಪೆನ್ಸಿಲು ಮತ್ತೆ ಕಿವಿ ಏರಿತು. ಒಂದು ಕಡ್ಡಿಯ ಹಿಡಿಯಿಂದ ಪೆಟ್ಟಿಗೆಯ ತಳದಡಿ ಹಾಯಿಸಿ ಇನ್ನೊಂದರ ಹಿಡಿಗೆ ದಾರ ಕಟ್ಟಿದ. ಎಳೆದ ಕಡ್ಡಿಯನ್ನು ಸಿಕ್ಕಿಸಿಡಲು ಎರಡೂ ತುದಿಗೆ ಒಂದೊಂದು ಗೂಟ ಹೊಡೆದ. ದಾರವನ್ನು ಒಂದು ಕಡ್ಡಿ ಹೊರಬರುವಷ್ಟೇ ಸಡಿಲ ಬಿಟ್ಟ. ಒಂದು ಬಂದರೆ ಇನ್ನೊಂದು ಜಪ್ಪಯ್ಯ ಎಂದರೂ ಬರುತ್ತಿರಲಿಲ್ಲ.

ಮಧ್ಯಾಹ್ನದ ರೈಲಿಗೆ ಅಪ್ಪ ನನ್ನನ್ನು ಕರೆದುಕೊಂಡು ಹೊರಟ. ಅಕ್ಕನಿಗೆ ಇನ್ನೂ ಬೆಣ್ಣೆ ತೆಗೆಯುವುದಿತ್ತು. ಅವಳೂ ಬರಬಹುದಿತ್ತೆಂದು ಯಾರಿಗೂ ಅನ್ನಿಸಲಿಲ್ಲ, ಕಿಟಕಿಯ ಜಾಗ ಸಿಕ್ಕಿದ್ದ ನನಗಂತೂ ಅನ್ನಿಸಲೇ ಇಲ್ಲ. ಬೆಳಗಾವಿ ಬರುವಷ್ಟರಲ್ಲಿ ಎಂಜಿನಿನ ಹೊಗೆಗೆ ನನ್ನ ಮುಖ ಕಪ್ಪಾಗಿತ್ತು. ಪೆಟ್ಟಿಗೆಯಿಂದ ಮಾತ್ರ ಇನ್ನೂ ಖಾರದ ಘಾಟು ಬರುತ್ತಿತ್ತು.

ದವಾಖಾನೆಯಲ್ಲಿ ಡಾಕ್ಟರರು ಒಂದು ಕಡೆ ಕೂತರು, ಕಂಪೌಂಡರ್ ಇನ್ನೊಂದು ಕಡೆ. ಡಾಕ್ಟರರು ಕಡ್ಡಿ ಎಳೆದು ಗೂಟಕ್ಕೆ ಸಿಕ್ಕಿಸಿ ಮುಚ್ಚಳ ಎತ್ತಿದರು. ತಡೆಯುವ ಸ್ವಭಾವವೇ ಇಲ್ಲದ ಕಂಪೌಂಡರ್ ತನ್ನದನ್ನೂ ಎಳೆದ. ಬರಲಿಲ್ಲ. ಮೇಜಿಗೆ ಕಾಲು ಕೊಟ್ಟು ಎಳೆದ, ಮುಖ ಕೆಂಪಾಯಿತು. ಮುಚ್ಚಳ ಕದಲಲಿಲ್ಲ.

“ಇಷ್ಟ್ ವರ್ಷ ನನ್ನ ಮಾತಿಗೆ ತಡೀದ ಮನುಷ್ಯಾ, ಇವತ್ತ ಒಂದು ದಾರಕ್ಕ ತಡದಾನ ನೋಡ್ರಿ,” ಎಂದು ಡಾಕ್ಟರರು ನಕ್ಕರು. ಆಮೇಲೆ ದಾರವನ್ನು ಬೆರಳಿಂದ ಮೀಟಿ, ಈ ಯುಕ್ತಿ ಯಾರದೆಂದು ಕೇಳಿದರು.

ನಾನು ಅಪ್ಪನ ಮುಖ ನೋಡಿದೆ. ತನ್ನದೆಂದರೆ ಕೇಳುವವರು ಯಾರಿದ್ದರು?

“ನಮ್ಮ ಹುಡುಗೀದ್ರಿ,” ಎಂದ ಅಪ್ಪ. “ಖರೇ ಹೇಳ್ತೀನಿ, ನನಗ ಹೊಳೀಲಿಲ್ಲ.”

ಮುಂದಿನ ವಾರ ಅಪ್ಪ, ದವಾಖಾನೆಯಲ್ಲಿ ಪೆಟ್ಟಿಗೆ ನೋಡಿಬರಲೆಂದು ಅಕ್ಕನನ್ನು ಅತ್ತೆಯ ಜೊತೆ ಬೆಳಗಾವಿಯ ರೈಲು ಹತ್ತಿಸಿ, ತಾನೇ ಮೊಸರು ಕಡೆಯಲು ಕೂತ. ಬೆಣ್ಣೆ ಬರಲಿಲ್ಲ, ಗಡಿಗೆ ಮಾತ್ರ ಒಡೆಯಿತು. ಅವ್ವ ಬೈದಳು, ಆದರೆ ದೇವರ ಮುಂದಿನ ಮಾತನ್ನು ಮತ್ತೆ ಎತ್ತಲಿಲ್ಲ. ಸುತ್ತಲ ಹಳ್ಳಿಗಳಲ್ಲೆಲ್ಲ ಆ ಔಷಧದ ಪೆಟ್ಟಿಗೆ ಮಾತ್ರ ಖಾನಾಪುರದ ಬಡಿಗನ ಪೆಟ್ಟಿಗೆ ಎಂದೇ ಹೆಸರಾಯಿತು.

ಮೊಮ್ಮಕ್ಕಳೇ, ಮೊನ್ನೆ ನಿಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಿಮ್ಮಪ್ಪ ನನ್ನನ್ನು ಸ್ಕೂಟರಿನಲ್ಲಿ ಕರೆತಂದನಲ್ಲ. ಅಲ್ಲಿ ಹೊಗೆಯಾಡದ ಜ್ವಾಲಾಮುಖಿ ಇತ್ತು, ಉರಿಯದ ಬಲ್ಬು ಇತ್ತು. ಪ್ರತಿಯೊಂದರ ಮುಂದೆಯೂ ಮಾಡಿದವರ ಹೆಸರಿನ ಚೀಟಿ ಮಾತ್ರ ಇತ್ತು, ಹುಡುಗಿಯರದೂ ಹುಡುಗರದೂ ಒಂದೇ ಅಳತೆಯ ಅಕ್ಷರದಲ್ಲಿ. ನನಗೆ ಬಹಳ ಸಂತೋಷವಾಯಿತು, ಸ್ವಲ್ಪ ನಾಚಿಕೆಯೂ ಆಯಿತು. ಇಷ್ಟೆಲ್ಲ ಬರೆದೆನಲ್ಲ, ನಾನೂ ಅವಳನ್ನು ಬರೀ ಅಕ್ಕ ಎಂದೇ ಕರೆದುಬಿಟ್ಟೆ. ಅವಳ ಹೆಸರು ನೀಲವ್ವ.